ದಿನಕ್ಕೊಂದು ಪ್ರಶ್ನೆ: ಉತ್ತರ ಬಂದ ಮೇಲಿನ ಮಾತುಕತೆಯನ್ನು ಉಳಿಸಿಕೊಳ್ಳಬೇಕೇ?

ನಿರ್ವಾಹಕಿ

ಎಲ್ಲರಿಗೂ ನಮಸ್ಕಾರ.

ನಮ್ಮ ಬಳಗದಲ್ಲಿ ಬೆಳಿಗ್ಗೆ ಏಳಕ್ಕೆ ಒಂದು ಪ್ರಶ್ನೆ, ಸಂಜೆ ಏಳಕ್ಕೆ ಅದರ ಉತ್ತರ, ನಡುವಿನ ಹನ್ನೆರಡು ಗಂಟೆ ಸದಸ್ಯರ ಊಹೆ ಮತ್ತು ಹರಟೆ ಎಂಬ ಪದ್ಧತಿ ನಾಲ್ಕು ವರ್ಷಗಳಿಂದ ನಡೆದುಬಂದಿದೆ. ಈಗ ಕೆಲವು ಸದಸ್ಯರು ಅದನ್ನು ಬದಲಿಸಬೇಕೆಂದು ಕೇಳಿದ್ದಾರೆ. ನಾಲ್ಕು ಆಯ್ಕೆಗಳು, ಮೂವತ್ತು ಸೆಕೆಂಡಿನ ಗಡಿಯಾರ, ತಿಂಗಳ ಕೊನೆಗೆ ಅಂಕಪಟ್ಟಿ, ಉತ್ತರ ಪ್ರಕಟವಾದ ಕೂಡಲೇ ಆ ಪ್ರಶ್ನೆಯ ಮಾತಿಗೆ ಮುಕ್ತಾಯ ಎಂಬುದು ಅವರ ಬೇಡಿಕೆ. ಒಂದು ಪ್ರಶ್ನೆಯ ಬೆನ್ನಿಗೆ ಎಂಬತ್ತು, ನೂರು ಸಂದೇಶಗಳು ಬಂದರೆ ಕೆಲಸಕ್ಕೆ ಹೋಗುವವರು ಯಾವಾಗ ಓದಬೇಕು ಎಂಬ ಅವರ ಮಾತಿನಲ್ಲಿ ನ್ಯಾಯವಿದೆ. ಆದ್ದರಿಂದ ನಾನೊಬ್ಬಳೇ ತೀರ್ಮಾನಿಸದೆ ಎಲ್ಲರನ್ನೂ ಕೇಳುತ್ತಿದ್ದೇನೆ.

ನನ್ನ ಒಲವನ್ನು ಮೊದಲೇ ಹೇಳಿಬಿಡುತ್ತೇನೆ. ಉತ್ತರದ ನಂತರದ ಮಾತುಕತೆಯನ್ನು ನಿಲ್ಲಿಸಿದರೆ ಇಲ್ಲಿ ಕಲಿಯುವುದಕ್ಕೆ ಉಳಿಯುವುದು ಬಹಳ ಕಡಿಮೆ ಎಂದು ನಾನು ನಂಬಿದ್ದೇನೆ, ಮತ್ತು ಈ ನಂಬಿಕೆ ಬಂದದ್ದು ನನ್ನದೇ ಒಂದು ತಪ್ಪಿನಿಂದ.

ಕಳೆದ ವರ್ಷ ಒಂದು ದಿನ ನಾನು, "ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಯಾವುದು?" ಎಂದು ಕೇಳಿದ್ದೆ. ಉತ್ತರ ನನ್ನ ಬಳಿ ಸಿದ್ಧವಾಗಿತ್ತು: ಶಿವನಸಮುದ್ರ. ಶಾಲೆಯಲ್ಲಿ ಕಲಿತದ್ದು, ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಓದಿದ್ದು, ಭಾಷಣಗಳಲ್ಲಿ ಕೇಳಿದ್ದು, ಎಲ್ಲವೂ ಅದೇ. ಬಹುತೇಕ ಎಲ್ಲ ಸದಸ್ಯರೂ ಅದನ್ನೇ ಬರೆದರು. ಮಧ್ಯಾಹ್ನದ ಹೊತ್ತಿಗೆ, ಬಾಲ್ಯವನ್ನು ಡಾರ್ಜಿಲಿಂಗಿನಲ್ಲಿ ಕಳೆದ ಒಬ್ಬ ಸದಸ್ಯರು ಬಹಳ ಸಂಕೋಚದಿಂದ, ತಮ್ಮ ಊರಿನ ಕೆಳಗಿನ ಸಿದ್ರಾಪೊಂಗ್‌ನಲ್ಲಿ ಒಂದು ಚಿಕ್ಕ ಜಲವಿದ್ಯುತ್ ಕೇಂದ್ರವಿದೆ, ಅದು 1897ರ ನವೆಂಬರ್ 10ರಂದೇ ಕೆಲಸ ಆರಂಭಿಸಿತ್ತು, ಶಿವನಸಮುದ್ರದ್ದು 1902 ಅಲ್ಲವೇ ಎಂದು ಕೇಳಿದರು. ಅದಾದ ಅರ್ಧ ಗಂಟೆಗೆ ಮತ್ತೊಬ್ಬರು, ಜಪಾನಿನ ಕ್ಯೋಟೋದಲ್ಲಿ ಬಿವಾ ಸರೋವರದ ಕಾಲುವೆಯ ನೀರಿನಿಂದ 1891ರಲ್ಲೇ ವಿದ್ಯುತ್ ತಯಾರಾಗುತ್ತಿತ್ತು ಎಂದು ಸೇರಿಸಿದರು. ಸಂಜೆ ಏಳಕ್ಕೆ ನಾನು ಉತ್ತರವನ್ನಲ್ಲ, ಕ್ಷಮೆಯನ್ನು ಪ್ರಕಟಿಸಬೇಕಾಯಿತು. ಆದರೆ ಆ ರಾತ್ರಿ ಹನ್ನೊಂದರವರೆಗೆ ನಡೆದ ಮಾತಿನಲ್ಲಿ ಶಿವನಸಮುದ್ರದ ಬಗ್ಗೆ ನಾನು ತಿಳಿದುಕೊಂಡಷ್ಟನ್ನು ನಲವತ್ತು ವರ್ಷಗಳಲ್ಲಿ ತಿಳಿದುಕೊಂಡಿರಲಿಲ್ಲ. ಮೂವತ್ತು ಸೆಕೆಂಡಿನ ಗಡಿಯಾರವಿದ್ದಿದ್ದರೆ ನಾವೆಲ್ಲರೂ ತಪ್ಪು ಉತ್ತರಕ್ಕೆ ಪೂರ್ಣ ಅಂಕ ಪಡೆದು ಮಲಗುತ್ತಿದ್ದೆವು.

ಬದಲಾವಣೆ ಬೇಕೆನ್ನುವವರೂ ಮುಕ್ತವಾಗಿ ಬರೆಯಬೇಕೆಂದು ಕೋರುತ್ತೇನೆ.

ಗಡಿಯಾರದ ಪರ

ಆ ಸಲಹೆ ಕೊಟ್ಟವರಲ್ಲಿ ನಾನೂ ಒಬ್ಬ. ನಿರ್ವಾಹಕಿಯವರ ಉದಾಹರಣೆ ಚೆನ್ನಾಗಿದೆ, ಆದರೆ ಎಲ್ಲ ದಿನವೂ ಅಂತಹ ದಿನವಲ್ಲ. ಎಷ್ಟೋ ದಿನ ಉತ್ತರ ಬಂದ ಮೇಲೆ ನಡೆಯುವುದು ಚಪ್ಪಾಳೆಯ ಚಿತ್ರಗಳ ಸುರಿಮಳೆ, ಶುಭರಾತ್ರಿ ಸಂದೇಶಗಳು, ಪ್ರಶ್ನೆಗೆ ಸಂಬಂಧವೇ ಇಲ್ಲದ ರಾಜಕೀಯ. ಅದರ ಮಧ್ಯದಲ್ಲಿ ಯಾರೋ ಬರೆದ ಒಂದು ಒಳ್ಳೆಯ ಟಿಪ್ಪಣಿ ಹೂತುಹೋಗಿರುತ್ತದೆ.

ಎರಡನೆಯದಾಗಿ, ವೇಗಕ್ಕೂ ಒಂದು ಮೌಲ್ಯವಿದೆ. ನನ್ನ ಮಗನಿಗೆ ಹನ್ನೆರಡು ವರ್ಷ. ಗಡಿಯಾರ ಓಡುತ್ತಿದ್ದರೆ ಅವನು ಎದ್ದು ನಿಂತು ಉತ್ತರ ಹೇಳುತ್ತಾನೆ, ಸಂಜೆಯವರೆಗೆ ಕಾಯಬೇಕೆಂದರೆ ಮರೆತು ಆಡಲು ಹೋಗುತ್ತಾನೆ. ದೂರದರ್ಶನದ ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದ ರಸಪ್ರಶ್ನೆ ಕಾರ್ಯಕ್ರಮದ ಹೆಸರೇ 'ಥಟ್ ಅಂತ ಹೇಳಿ'. ಥಟ್ಟನೆ ಹೇಳುವುದರಲ್ಲಿ ಕಲಿಕೆ ಇಲ್ಲವೆಂದರೆ ಇಷ್ಟು ವರ್ಷ ನಾಡಿನ ಜನ ಅದರ ಮುಂದೆ ಕುಳಿತದ್ದು ಯಾಕೆ?

ಹಳೆಯ ಇಂಜಿನಿಯರ್

ಆ ರಾತ್ರಿಯ ಚರ್ಚೆಯಲ್ಲಿ ಹೆಚ್ಚು ಬರೆದವರಲ್ಲಿ ನಾನೂ ಇದ್ದೆ. ಆಗ ಇಲ್ಲದ ಹೊಸ ಸದಸ್ಯರಿಗಾಗಿ, ಒಂದು 'ಮೊದಲು' ಬಿದ್ದುಹೋದಾಗ ಅದರ ಜಾಗದಲ್ಲಿ ಏನು ಬಂತು ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಶಿವನಸಮುದ್ರ ಏಷ್ಯಾದಲ್ಲಿ ಮೊದಲನೆಯದಲ್ಲ ಎಂದು ತಿಳಿದ ಕೂಡಲೇ ಕೆಲವರಿಗೆ ಬೇಸರವಾಯಿತು, ನಾಡಿನ ಹೆಮ್ಮೆಯೊಂದು ಕಳೆದುಹೋಯಿತೆಂಬಂತೆ. ನನಗೆ ಅನಿಸಿದ್ದು ಬೇರೆ. ಸಿದ್ರಾಪೊಂಗಿನ ವಿದ್ಯುತ್ ಹತ್ತಿರದ ಪಟ್ಟಣಕ್ಕೆ ಹೋದರೆ ಸಾಕಿತ್ತು. ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು 1902ರ ಜೂನ್ ಕೊನೆಯಲ್ಲಿ ಸುಮಾರು 92 ಮೈಲಿ, ಅಂದರೆ 148 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ನೀರು ಬೀಳುವಲ್ಲಿ ಚಕ್ರ ತಿರುಗಿಸುವುದಕ್ಕಿಂತ, ಆ ಶಕ್ತಿಯನ್ನು ಅಷ್ಟು ದೂರ ತಂತಿಯ ಮೇಲೆ ಸಾಗಿಸುವುದು ಆಗಿನ ದೊಡ್ಡ ಸವಾಲು. ನಮ್ಮ ಹೆಮ್ಮೆ ಅಲ್ಲಿರಬೇಕಾಗಿತ್ತು, ಆದರೆ ನಾವು ಬಾಯಿಪಾಠ ಮಾಡಿದ ಉತ್ತರದಲ್ಲಿ ಆ ತಂತಿಯ ಮಾತೇ ಇರಲಿಲ್ಲ.

ಆಗ ಒಬ್ಬ ಸದಸ್ಯೆ ಕೇಳಿದ ಸರಳ ಪ್ರಶ್ನೆ ನನ್ನನ್ನು ಇಡೀ ವಾರ ಓದಿಸಿತು: "ಹತ್ತಿರವಿದ್ದ ಮೈಸೂರು, ಬೆಂಗಳೂರುಗಳನ್ನು ಬಿಟ್ಟು ಕೋಲಾರಕ್ಕೇ ಮೊದಲು ಕೊಟ್ಟದ್ದು ಏಕೆ?" ಕಾರಣ ಲೆಕ್ಕಾಚಾರದ್ದು. ಗಣಿಗಳಿಗೆ ನೀರು ಎತ್ತಲು, ಅದಿರು ಮೇಲೆ ತರಲು, ಅದನ್ನು ಕುಟ್ಟಲು ಹಗಲು ರಾತ್ರಿ ಶಕ್ತಿ ಬೇಕಿತ್ತು, ಉಗಿಯಂತ್ರಗಳಿಗೆ ಬೇಕಾದ ಸೌದೆ ಮತ್ತು ಕಲ್ಲಿದ್ದಲು ದುಬಾರಿಯಾಗಿದ್ದವು. ಅಷ್ಟು ವಿದ್ಯುತ್ತನ್ನು ಖಚಿತವಾಗಿ ಕೊಳ್ಳುವ ಬೇರೆ ಗ್ರಾಹಕ ಸಂಸ್ಥಾನದಲ್ಲಿರಲಿಲ್ಲ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಈ ಯೋಜನೆಗೆ ಬೆನ್ನೆಲುಬಾಗಿ ನಿಂತರು, ಆದರೆ 1901ರಲ್ಲೇ ತೀರಿಕೊಂಡದ್ದರಿಂದ ಆ ತಂತಿಯಲ್ಲಿ ವಿದ್ಯುತ್ ಹರಿದದ್ದನ್ನು ನೋಡಲಿಲ್ಲ. ಬೆಂಗಳೂರಿನಲ್ಲಿ ದೀಪ ಹೊತ್ತಿದ್ದು 1905ರ ಆಗಸ್ಟ್‌ನಲ್ಲಿ.

ಅಲ್ಲಿಗೂ ಮಾತು ನಿಲ್ಲಲಿಲ್ಲ. ಬೇಸಿಗೆಯಲ್ಲಿ ಕಾವೇರಿ ಸೊರಗಿದಾಗ ಗಣಿಗೆ ವಿದ್ಯುತ್ ಹೇಗೆ ಕೊಡುತ್ತಿದ್ದರು ಎಂದು ಮಂಡ್ಯದ ಒಬ್ಬ ರೈತರು ಕೇಳಿದರು. 1911ರಲ್ಲಿ ಆರಂಭವಾದ ಕನ್ನಂಬಾಡಿ ಅಣೆಕಟ್ಟಿಗೆ ವಿಶ್ವೇಶ್ವರಯ್ಯನವರು ಕೊಟ್ಟ ಕಾರಣಗಳಲ್ಲಿ ನೀರಾವರಿಯ ಜೊತೆಗೆ ಈ ವಿದ್ಯುತ್ತಿನ ಅಭಾವವೂ ಸೇರಿತ್ತು. ತಮ್ಮ ಗದ್ದೆಗೆ ಬರುವ ನಾಲೆಗೂ ಕೋಲಾರದ ಚಿನ್ನಕ್ಕೂ ನಂಟಿದೆ ಎಂದು ಅವರು ಆ ದಿನ ಬರೆದ ಸಾಲನ್ನು ನಾನು ಮರೆತಿಲ್ಲ. ಮೂರು ದಶಕ ವಿದ್ಯುತ್ ಇಲಾಖೆಯಲ್ಲಿ ದುಡಿದ ನನಗೆ ಈ ಸಂಗತಿಗಳು ಬಿಡಿಬಿಡಿಯಾಗಿ ಗೊತ್ತಿದ್ದವು. ಅವು ಒಂದಕ್ಕೊಂದು ಕೂಡಿದ್ದು ಆ ಪ್ರಶ್ನೆಗಳಿಂದ.

ಪರೀಕ್ಷಾರ್ಥಿ

ಹಿರಿಯರೆಲ್ಲ ಬರೆದದ್ದನ್ನು ಓದಿ ಸಂತೋಷವಾಯಿತು. ಆದರೆ ನನ್ನ ಕಷ್ಟ ಬೇರೆ. ನಾನು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ನಾನು ಓದುವ ಪುಸ್ತಕಗಳಲ್ಲಿ ಈಗಲೂ 'ಏಷ್ಯಾದ ಮೊದಲ' ಎಂದೇ ಇದೆ. ಅದೇ ಪ್ರಶ್ನೆ ಪರೀಕ್ಷೆಯಲ್ಲಿ ಬಂದು, ನಾಲ್ಕು ಆಯ್ಕೆಗಳಲ್ಲಿ ಶಿವನಸಮುದ್ರವೊಂದೇ ನನಗೆ ಗೊತ್ತಿರುವ ಹೆಸರಾಗಿದ್ದರೆ ನಾನು ಏನು ಗುರುತಿಸಬೇಕು? ಇಲ್ಲಿ ಹೆಚ್ಚು ತಿಳಿದುಕೊಂಡಷ್ಟೂ ಅಲ್ಲಿ ಕೈ ನಡುಗುತ್ತದೆ. ನನ್ನ ಮಟ್ಟಿಗೆ ಚಿಕ್ಕ ಪ್ರಶ್ನೆ, ಖಚಿತ ಉತ್ತರ ಇರುವ ಪದ್ಧತಿಯೇ ಉಪಯುಕ್ತ ಎಂದು ಪ್ರಾಮಾಣಿಕವಾಗಿ ಹೇಳುತ್ತೇನೆ.

ಕ್ವಿಜ್ ಅಭ್ಯಾಸಿ

ಪರೀಕ್ಷಾರ್ಥಿಗಳಿಗೆ ಮೊದಲು ಉತ್ತರಿಸುತ್ತೇನೆ. ಆಯ್ಕೆಗಳಲ್ಲಿ ಸಿದ್ರಾಪೊಂಗ್ ಇದ್ದರೆ ಅದನ್ನು ಗುರುತಿಸಿ. ಅದಾಗಲಿ, ಅದಕ್ಕಿಂತ ಹಳೆಯ ಬೇರೆ ಕೇಂದ್ರವಾಗಲಿ ಇಲ್ಲದಿದ್ದರೆ, ಪ್ರಶ್ನೆ ಮಾಡಿದವರ ಮನಸ್ಸಿನಲ್ಲಿ ಏನಿತ್ತೆಂದು ಊಹಿಸಿ ಶಿವನಸಮುದ್ರವನ್ನೇ ಗುರುತಿಸಿ. ಅದರಲ್ಲಿ ಅಪ್ರಾಮಾಣಿಕತೆ ಏನೂ ಇಲ್ಲ. ಆದರೆ ಇನ್ನೊಂದು ಸಂಗತಿಯನ್ನು ಗಮನಿಸಿ. ನಮ್ಮ ನೇಮಕಾತಿ ಪರೀಕ್ಷೆಗಳಲ್ಲಿ ತಾತ್ಕಾಲಿಕ ಕೀ ಉತ್ತರಗಳನ್ನು ಪ್ರಕಟಿಸಿ, ಆಧಾರಸಹಿತ ಆಕ್ಷೇಪಣೆಗಳನ್ನು ಆಹ್ವಾನಿಸುತ್ತಾರೆ. ಹಾಗೆ ಆಕ್ಷೇಪಣೆ ಸಲ್ಲಿಸಲು ಬೇಕಾದದ್ದು ಎರಡೇ: ಉತ್ತರ ತಪ್ಪಿರಬಹುದೆಂಬ ಅನುಮಾನ, ಮತ್ತು ಆಧಾರ ಎಲ್ಲಿ ಸಿಗುತ್ತದೆಂಬ ತಿಳಿವಳಿಕೆ. ಆ ಎರಡನ್ನೂ ಕಲಿಸುವುದು ಇಲ್ಲಿನ ಹರಟೆಯೇ.

ಈಗ ವೇಗದ ವಿಚಾರ. ನಾನು ಇಪ್ಪತ್ತು ವರ್ಷಗಳಿಂದ ಬೆಂಗಳೂರಿನ ರಸಪ್ರಶ್ನೆ ಕೂಟಗಳಿಗೆ ಹೋಗುತ್ತಿದ್ದೇನೆ. ಈ ಊರಿನಲ್ಲಿ 1983ರಲ್ಲೇ ವಿಂಗ್ ಕಮಾಂಡರ್ ಜಿ. ಆರ್. ಮುಲ್ಕಿ ಅವರ ಮುಂದಾಳತ್ವದಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಹುಟ್ಟಿತು. ಹೊರಗಿನವರು ಈ ಕೂಟಗಳನ್ನು ನೆನಪಿನ ಓಟವೆಂದು ತಿಳಿಯುತ್ತಾರೆ. ಒಳಗಿರುವವರು ಒಂದು ಪ್ರಶ್ನೆಯನ್ನು ಮೆಚ್ಚಬೇಕಾದರೆ "ಇದು ವರ್ಕ್‌ಔಟ್ ಆಗುತ್ತದೆ" ಎನ್ನುತ್ತಾರೆ. ಅಂದರೆ ಉತ್ತರ ಗೊತ್ತಿಲ್ಲದವರೂ ಪ್ರಶ್ನೆಯೊಳಗಿನ ಸುಳಿವುಗಳನ್ನು ಹಿಡಿದು, ಜೊತೆಯವರೊಡನೆ ಪಿಸುಮಾತಿನಲ್ಲಿ ತರ್ಕಿಸಿ, ಉತ್ತರದ ಬಾಗಿಲವರೆಗೆ ನಡೆದು ಹೋಗಬಹುದು. "ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಯಾವುದು?" ಎಂಬುದು ವರ್ಕ್‌ಔಟ್ ಆಗುವ ಪ್ರಶ್ನೆಯಲ್ಲ, ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಅದನ್ನೇ ಹೀಗೆ ಕೇಳಿ ನೋಡಿ: "1902ರಲ್ಲಿ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು ಅರಮನೆಯ ಊರನ್ನೂ ಬಿಟ್ಟು, ಬೆಂಗಳೂರನ್ನೂ ಬಿಟ್ಟು, 92 ಮೈಲಿ ದೂರದ ಒಂದು ಜಾಗಕ್ಕೆ ಮೊದಲು ಹೋಯಿತು. ಅದು ಎಲ್ಲಿಗೆ, ಯಾಕಿರಬಹುದು?" ಈಗ ಎಂಟನೆಯ ತರಗತಿಯ ಹುಡುಗಿಯೂ ಯೋಚಿಸಬಲ್ಲಳು. ಆ ಕಾಲದಲ್ಲಿ ಯಾರಿಗೆ ಅಷ್ಟು ಶಕ್ತಿ ಬೇಕಿತ್ತು, ಯಾರ ಬಳಿ ದುಡ್ಡಿತ್ತು ಎಂದು ಲೆಕ್ಕ ಹಾಕಬಲ್ಲಳು. ಆದ್ದರಿಂದ ನಾವು ಬದಲಿಸಬೇಕಾದದ್ದು ಪ್ರಶ್ನೆಯ ಕಟ್ಟಡವನ್ನು.

'ಥಟ್ ಅಂತ ಹೇಳಿ' ಬಗ್ಗೆಯೂ ಒಂದು ಮಾತು. ಹೆಸರು ವೇಗದ್ದಾದರೂ, ಉತ್ತರ ಬಂದ ಮೇಲೆ ಸೋಮೇಶ್ವರ ಅವರು ಅದರ ಹಿನ್ನೆಲೆಯನ್ನು ವಿವರಿಸುತ್ತಿದ್ದುದನ್ನು ನೆನಪಿಸಿಕೊಳ್ಳಿ. ಗೆದ್ದವರ ಕೈಗೆ ಬರುತ್ತಿದ್ದುದು ಪುಸ್ತಕ, ಅಂದರೆ ಮುಂದಕ್ಕೆ ಓದಲು ಒಂದು ದಾರಿ. ನಮ್ಮ ಮನೆಯಲ್ಲಿ ಆ ವಿವರಣೆಗಾಗಿಯೇ ಟಿವಿ ಹಾಕುತ್ತಿದ್ದರು.

ಮನಶ್ಶಾಸ್ತ್ರದ ವಿದ್ಯಾರ್ಥಿನಿ

ಈ ಚರ್ಚೆಗೆ ಸಂಬಂಧಿಸಿದ ಕೆಲವು ಪ್ರಯೋಗಗಳನ್ನು ನಾನು ಓದಿರುವುದರಿಂದ ಬರೆಯುತ್ತಿದ್ದೇನೆ.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ಮತ್ತೆ ಓದಿದರು, ಇನ್ನು ಕೆಲವರು ಅದನ್ನು ಮುಚ್ಚಿಟ್ಟು ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ತೆಗೆದು ಬರೆದವರು ಮುಂದಿದ್ದರು. ಪ್ರಶ್ನೆಯನ್ನು ಎದುರಿಸುವುದೇ ಒಂದು ಕಲಿಕೆ ಎಂಬುದಕ್ಕೆ ಇದು ಗಟ್ಟಿಯಾದ ಆಧಾರ. ಹಾಗಾಗಿ ರಸಪ್ರಶ್ನೆಯನ್ನು ಬರೀ ಕಾಲಹರಣ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಆದರೆ ನಾಲ್ಕು ಆಯ್ಕೆಗಳ ಪದ್ಧತಿಯಲ್ಲಿ ಒಂದು ಅಪಾಯವಿದೆ. ರೋಡಿಗರ್ ಮತ್ತು ಮಾರ್ಷ್ 2005ರಲ್ಲಿ ತೋರಿಸಿದಂತೆ, ಆಯ್ಕೆಗಳಲ್ಲಿ ಓದಿದ ತಪ್ಪು ಉತ್ತರಗಳು ಮುಂದೆ ಸರಿಯಾದ ತಿಳಿವಳಿಕೆಯ ವೇಷದಲ್ಲಿ ನೆನಪಿಗೆ ಬರಬಹುದು. ಸರಿ ಯಾವುದು, ತಪ್ಪು ಯಾವುದು ಎಂದು ಆಮೇಲೆ ತಿಳಿಸಿಹೇಳಿದರೆ ಈ ಅಪಾಯ ಕಡಿಮೆಯಾಗುತ್ತದೆ. ಆಯ್ಕೆಗಳನ್ನು ಕೊಟ್ಟು, ನಂತರದ ಮಾತನ್ನು ಕತ್ತರಿಸುವುದು ಎರಡೂ ಕೈಯಿಂದ ಕಳೆದುಕೊಳ್ಳುವ ದಾರಿ.

ನನಗೆ ಅತ್ಯಂತ ಇಷ್ಟವಾದದ್ದು ಕೊಲಂಬಿಯಾ ವಿಶ್ವವಿದ್ಯಾಲಯದ ಬಟರ್‌ಫೀಲ್ಡ್ ಮತ್ತು ಮೆಟ್‌ಕಾಫ್ 2001ರಲ್ಲಿ ವರದಿ ಮಾಡಿದ ಸಂಗತಿ. ಸಾಮಾನ್ಯ ಜ್ಞಾನದ ಪ್ರಶ್ನೆಗಳಿಗೆ ಜನರು ಬಹಳ ಖಚಿತವಾಗಿ ಕೊಟ್ಟ ತಪ್ಪು ಉತ್ತರಗಳು, ಅಳುಕುತ್ತಾ ಕೊಟ್ಟ ತಪ್ಪು ಉತ್ತರಗಳಿಗಿಂತ ಸುಲಭವಾಗಿ ತಿದ್ದಿಕೊಂಡವು. ದೃಢವಾಗಿ ನಂಬಿದ್ದು ತಪ್ಪೆಂದು ತಿಳಿದಾಗ ಆಗುವ ಅಚ್ಚರಿಯೇ ಗಮನವನ್ನು ಸೆಳೆದು ನೆನಪನ್ನು ಗಟ್ಟಿಗೊಳಿಸುತ್ತದೆ ಎಂಬುದು ಅವರ ವಿವರಣೆ. ಶಿವನಸಮುದ್ರದ ವಿಷಯದಲ್ಲಿ ಈ ಬಳಗಕ್ಕೆ ಆದದ್ದು ಅದೇ. 1897 ಎಂಬ ಇಸವಿಯನ್ನು ನಾನು ಈಗ ನಿದ್ದೆಯಲ್ಲೂ ಹೇಳುತ್ತೇನೆ.

ಹಾವೇರಿ ಮೇಷ್ಟ್ರು

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕ. ಈ ಬಳಗದ ಪ್ರಶ್ನೆಯನ್ನು ದಿನವೂ ಪ್ರಾರ್ಥನೆಯ ನಂತರ ಕಪ್ಪುಹಲಗೆಯ ಮೂಲೆಯಲ್ಲಿ ಬರೆಯುತ್ತೇನೆ. ಅದರಲ್ಲಿ ಒಂದು ಪ್ರಶ್ನೆ ನಮ್ಮ ಶಾಲೆಯಲ್ಲಿ ಎರಡು ವಾರ ಬದುಕಿತು.

"ಮೆಣಸಿನಕಾಯಿ ಮೂಲತಃ ಯಾವ ಖಂಡದ ಬೆಳೆ?" ಎಂಬುದು ಪ್ರಶ್ನೆ. ನಮ್ಮದು ಬ್ಯಾಡಗಿ ಸೀಮೆ. ಸುಗ್ಗಿಯ ಕಾಲದಲ್ಲಿ ಕಣ ತುಂಬ ಕೆಂಪು ಹಾಸಿರುವುದನ್ನು ನೋಡುತ್ತಾ ಬೆಳೆದ ಮಕ್ಕಳು ಒಕ್ಕೊರಲಿನಿಂದ "ನಮ್ಮೂರು, ಸಾರ್" ಎಂದರು. ಅದು ಅಮೆರಿಕ ಖಂಡದ್ದು, ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳ ಮೂಲಕ ಇಲ್ಲಿಗೆ ಬಂತು ಎಂದು ನಾನು ಹೇಳಿದಾಗ ಯಾರೂ ನಂಬಲಿಲ್ಲ. ಒಬ್ಬ ಹುಡುಗ ಎದ್ದು, "ಹಂಗಾದ್ರ ಅದಕ್ಕ ಮುಂಚೆ ಖಾರ ಎಲ್ಲಿಂದ ಬರ್ತಿತ್ತು?" ಎಂದು ಕೇಳಿದ. ಅದನ್ನು ನಾನು ಹಾಗೆಯೇ ಬಳಗದಲ್ಲಿ ಬರೆದೆ.

ಆಗ ಕುಂದಾಪುರದ ಕಡೆಯ ಒಬ್ಬ ಸದಸ್ಯೆ ಬರೆದದ್ದು ನನ್ನ ಕಣ್ಣು ತೆರೆಸಿತು. ಅವರ ಮನೆಯಲ್ಲಿ ಕರಿಮೆಣಸಿಗೆ 'ಒಳ್ಳೆಮೆಣಸು' ಎನ್ನುತ್ತಾರಂತೆ. ಮೊದಲಿನಿಂದ ಮೆಣಸು ಎಂದರೆ ಅದೊಂದೇ. ಹೊಸದಾಗಿ ಬಂದ ಕಾಯಿಯೂ ಅದೇ ರೀತಿ ಬಾಯಿ ಸುಟ್ಟದ್ದರಿಂದ 'ಮೆಣಸಿನ ಕಾಯಿ' ಆಯಿತು. ಹೊಸಬ ಹೆಸರನ್ನು ತೆಗೆದುಕೊಂಡ ಮೇಲೆ ಹಳಬನಿಗೆ 'ಕರಿ', 'ಕಾಳು', 'ಒಳ್ಳೆ' ಎಂಬ ವಿಶೇಷಣಗಳನ್ನು ಅಂಟಿಸಬೇಕಾಯಿತು. ಇತಿಹಾಸದ ಒಂದು ದೊಡ್ಡ ಘಟನೆ ನಮ್ಮ ಅಡುಗೆಮನೆಯ ಮಾತಿನಲ್ಲಿ ಕುಳಿತಿದೆ ಎಂದು ಮಕ್ಕಳಿಗೆ ತೋರಿಸಿದಾಗ, ಅವರು ಮನೆಗೆ ಹೋಗಿ ಅಜ್ಜಿಯರನ್ನು ಕೇಳಿಕೊಂಡು ಬಂದರು. ಟೊಮೆಟೊ, ಆಲೂಗಡ್ಡೆ, ಸೀತಾಫಲ, ಶೇಂಗಾ, ಗೋವಿನಜೋಳ: ಹೊರಗಿನಿಂದ ಬಂದ ಬೆಳೆಗಳ ಪಟ್ಟಿ ಗೋಡೆಯ ಮೇಲೆ ಬೆಳೆಯುತ್ತಾ ಹೋಯಿತು. ಪಠ್ಯದಲ್ಲಿ ವಾಸ್ಕೋ ಡ ಗಾಮನ ಪಾಠವನ್ನು ನಾನು ಹನ್ನೊಂದು ವರ್ಷ ಮಾಡಿದ್ದೇನೆ. ಅದರ ಬಗ್ಗೆ ಮಕ್ಕಳು ತಾವಾಗಿ ಪ್ರಶ್ನೆ ಕೇಳಿದ್ದು ಈ ಸಲ ಮಾತ್ರ.

ಕುಂದಾಪುರದ ಆ ಸಂದೇಶ ಬಂದದ್ದು ಉತ್ತರ ಪ್ರಕಟವಾದ ಮರುದಿನ. ಹೊಸ ನಿಯಮದಲ್ಲಿ ಅದು ಬರುತ್ತಲೇ ಇರಲಿಲ್ಲ.

ಮೌನ ಓದುಗಿ

ನಾನು ಮೂರು ವರ್ಷಗಳಿಂದ ಇಲ್ಲಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಮಾತುಕತೆ ಬೇಕು ಎನ್ನುವವರೆಲ್ಲ ಮಾತಾಡಬಲ್ಲವರು ಎಂಬುದನ್ನು ವಿನಯದಿಂದ ಗಮನಕ್ಕೆ ತರುತ್ತೇನೆ. ಇಲ್ಲಿ ನೂರಾರು ಜನರಿದ್ದೇವೆ, ಬರೆಯುವವರು ಹದಿನೈದು ಇಪ್ಪತ್ತು ಜನ. ಉಳಿದವರಿಗೆ ಬರೆಯುವ ಮನಸ್ಸಿಲ್ಲವೆಂದಲ್ಲ. ಅಷ್ಟು ಜನರ ಮುಂದೆ ತಪ್ಪು ಹೇಳುವುದು ಭಯದ ವಿಷಯ. ನಾನು ಪಿಯುಸಿಗೆ ಓದು ನಿಲ್ಲಿಸಿದವಳು. ಉತ್ತರ ಗೊತ್ತಿದ್ದ ದಿನವೂ ಬೆರಳು ಮುಂದೆ ಹೋಗುವುದಿಲ್ಲ.

ಒಮ್ಮೆ ಒಬ್ಬರು ಹಲ್ಮಿಡಿ ಶಾಸನ ಬೆಳಗಾವಿ ಜಿಲ್ಲೆಯದೆಂದು ಬರೆದಾಗ, ಇನ್ನೊಬ್ಬರು "ಇಷ್ಟೂ ಗೊತ್ತಿಲ್ಲವೇ, ಬೇಲೂರಿನ ಹತ್ತಿರ ಅಲ್ಲವೇ" ಎಂದು ಉತ್ತರಿಸಿದರು. ಮಾಹಿತಿ ಸರಿಯಾಗಿತ್ತು, ಆದರೆ ತಪ್ಪು ಬರೆದವರು ಆಮೇಲೆ ಎಂದೂ ಬರೆಯಲಿಲ್ಲ. ಮತ್ತೊಂದು ಸಲ ಅಂತಹುದೇ ಸಂದರ್ಭದಲ್ಲಿ ಹಳೆಯ ಇಂಜಿನಿಯರ್ ಅವರು, "ನಾನೂ ಬಹಳ ಕಾಲ ಹಾಗೆಯೇ ತಿಳಿದಿದ್ದೆ" ಎಂದು ಆರಂಭಿಸಿ ತಿದ್ದಿದರು. ಆ ಒಂದು ಸಾಲಿಗಾಗಿ ನಾನು ಈ ಬಳಗ ಬಿಟ್ಟಿಲ್ಲ. ಮಾತುಕತೆ ಉಳಿಯಲಿ, ಆದರೆ ಅದು ಸ್ನೇಹದ ಮಾತಾಗಿರಬೇಕೆಂಬ ನಿಯಮವೂ ಇರಲಿ.

ಹೊರನಾಡ ತಾಯಿ

ಜರ್ಮನಿಯಿಂದ ಬರೆಯುತ್ತಿದ್ದೇನೆ. ಇಲ್ಲಿ ಬೆಳೆಯುವ ನನ್ನ ಮಗಳಿಗೆ ಕನ್ನಡ ಎಂದರೆ ಅಪ್ಪ ಅಮ್ಮನ ಮಾತು, ಅಷ್ಟೇ. ಈ ಬಳಗದಲ್ಲಿ ಒಂದು ದಿನ ಗ್ವಾವಾ ಹಣ್ಣಿನ ಚಿತ್ರ ಹಾಕಿ ನಿಮ್ಮೂರಲ್ಲಿ ಏನೆನ್ನುತ್ತೀರಿ ಎಂದು ಕೇಳಿದ್ದರು. ಸೀಬೆ, ಪೇರಳೆ, ಪೇರಲ, ಚೇಪೆ ಎಂದು ಒಂದೊಂದು ಊರಿನಿಂದ ಒಂದೊಂದು ಹೆಸರು ಬಂತು. ಅವಳು ಕರ್ನಾಟಕದ ನಕ್ಷೆ ಬಿಡಿಸಿ ಆ ಹೆಸರುಗಳನ್ನೆಲ್ಲ ಊರುಗಳ ಮೇಲೆ ಬರೆದಳು. ಕನ್ನಡ ಒಂದು ಮನೆಯದಲ್ಲ, ದೊಡ್ಡ ನಾಡಿನದು ಎಂದು ನಾನು ಹೇಳಿ ಕಲಿಸಲಾಗದ್ದನ್ನು ಆ ನಕ್ಷೆ ಕಲಿಸಿತು. ಆ ಪ್ರಶ್ನೆಗೆ ಸರಿ ಉತ್ತರವೇ ಇರಲಿಲ್ಲ. ಅಂಕಪಟ್ಟಿ ಬಂದರೆ ಅಂತಹ ಪ್ರಶ್ನೆಗಳು ಎಲ್ಲಿ ಹೋಗುತ್ತವೆ?

ಬೇಗೂರಿನ ನೆರೆಯವ

ಸ್ನೇಹದಿಂದ ತಿದ್ದುವುದರ ಬಗ್ಗೆ ಓದಿದಾಗ ನನ್ನ ಅನುಭವ ನೆನಪಾಯಿತು. ಬೆಂಗಳೂರಿನ ಹೆಸರು ಹೇಗೆ ಬಂತು ಎಂಬ ಪ್ರಶ್ನೆಗೆ ನಾನು ಬೇಟೆಗೆ ಬಂದು ದಾರಿ ತಪ್ಪಿದ ವೀರಬಲ್ಲಾಳನ ಕಥೆಯನ್ನು, ಮುದುಕಿ ಕೊಟ್ಟ ಬೆಂದ ಕಾಳನ್ನು, 'ಬೆಂದಕಾಳೂರ'ನ್ನು ವಿಸ್ತಾರವಾಗಿ ಬರೆದಿದ್ದೆ. ಒಬ್ಬರು ಕಥೆಯನ್ನು ಮೆಚ್ಚಿ, ನಂತರ ಕೇಳಿದರು: "ನಿಮ್ಮ ಮನೆಯ ಹತ್ತಿರದ ನಾಗೇಶ್ವರ ದೇವಸ್ಥಾನಕ್ಕೆ ಹೋಗಿದ್ದೀರಾ?"

ಮುಂದಿನ ಭಾನುವಾರ ಹೋದೆ. ಸುಮಾರು 890ರ ಕಾಲದ ವೀರಗಲ್ಲಿನ ಬರಹವೊಂದು ಅಲ್ಲಿದೆ. ಗಂಗರ ಕಾಲದ ಆ ಬರಹ 'ಬೆಂಗಳೂರು ಕಾಳಗ'ವನ್ನು, ಅದರಲ್ಲಿ ಮಡಿದ ಬುಟ್ಟಣಸೆಟ್ಟಿಯನ್ನು ಹೆಸರಿಸುತ್ತದೆ. ಕಥೆಯ ಇಮ್ಮಡಿ ವೀರಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ರಾಜ ಕಾಳು ತಿನ್ನುವುದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ ಊರಿಗೆ ಆ ಹೆಸರಿತ್ತು. ಹೆಸರಿನ ನಿಜವಾದ ಮೂಲ 'ಬೆಂಗಾವಲು' ಎಂಬವರೂ ಇದ್ದಾರೆ, ಬೇರೆ ಊಹೆಗಳೂ ಇವೆ, ಅದು ಇನ್ನೂ ತೀರ್ಮಾನವಾಗದ ವಿಷಯ. ಹತ್ತು ವರ್ಷ ಆ ದೇವಸ್ಥಾನದ ಮುಂದಿನ ರಸ್ತೆಯಲ್ಲೇ ಓಡಾಡಿದ್ದೆ. "ನೀವು ತಪ್ಪು" ಎಂದಿದ್ದರೆ ಹುಡುಕಾಟದ ಯಂತ್ರದಲ್ಲಿ ವಾದಕ್ಕೆ ಸಾಮಗ್ರಿ ಹುಡುಕುತ್ತಿದ್ದೆ, ದೇವಸ್ಥಾನಕ್ಕೆ ಹೋಗುತ್ತಿರಲಿಲ್ಲ.

ಗಡಿಯಾರದ ಪರ

ಎಲ್ಲರ ಬರಹ ಓದಿದೆ. ಅಂಕಪಟ್ಟಿಯ ಬೇಡಿಕೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ಒಳ್ಳೆಯ ಟಿಪ್ಪಣಿಗಳು ಹೂತುಹೋಗುವ ಸಮಸ್ಯೆಗೆ ಪರಿಹಾರ ಬೇಕೇ ಬೇಕು, ಮತ್ತು ಮಕ್ಕಳಿಗಾಗಿ ವಾರಕ್ಕೊಮ್ಮೆಯಾದರೂ ಗಡಿಯಾರ ಓಡಲಿ ಎಂಬುದು ನನ್ನ ಕೋರಿಕೆ.

ನಿರ್ವಾಹಕಿ

ಬರೆದ ಎಲ್ಲರಿಗೂ ಋಣಿ. ಸದ್ಯಕ್ಕೆ ಹೀಗೆ ಮಾಡೋಣ. ದಿನದ ಪ್ರಶ್ನೆಗೆ ಆಯ್ಕೆಗಳಿರುವುದಿಲ್ಲ. ಊಹೆಯ ಜೊತೆಗೆ ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯಬೇಕು. ಸಂಜೆಯ ಉತ್ತರದ ಜೊತೆ ನಾನು ಆಧಾರವನ್ನು ಹೇಳುತ್ತೇನೆ, ಚರ್ಚೆಯನ್ನು ಆ ಪ್ರಶ್ನೆಯ ಕೆಳಗೇ ಬೇರೆ ಎಳೆಯಾಗಿ ಎಷ್ಟು ದಿನ ಬೇಕಾದರೂ ನಡೆಸಬಹುದು, ಶುಭಾಶಯಗಳು ಅಲ್ಲಿಗೆ ಬರಬಾರದು. ಪ್ರತಿ ಭಾನುವಾರ ಆ ವಾರದ ಒಳ್ಳೆಯ ಟಿಪ್ಪಣಿಗಳನ್ನು ಒಂದೆಡೆ ಸೇರಿಸುವ ಕೆಲಸವನ್ನು ಮನಶ್ಶಾಸ್ತ್ರದ ವಿದ್ಯಾರ್ಥಿನಿ ಒಪ್ಪಿಕೊಂಡಿದ್ದಾರೆ. ಶನಿವಾರ ಸಂಜೆ ಮಕ್ಕಳಿಗಾಗಿ ಗಡಿಯಾರದ ಸುತ್ತು ನಡೆಯಲಿ, ಅದನ್ನು ಗಡಿಯಾರದ ಪರ ಬರೆದವರೇ ನಡೆಸಿಕೊಡಲಿ. ಸಭೆಯಲ್ಲಿ ಯಾರನ್ನೂ "ಇಷ್ಟೂ ಗೊತ್ತಿಲ್ಲವೇ" ಎಂದು ಕೇಳುವಂತಿಲ್ಲ. ಕೇಳಿದವರ ಸಂದೇಶವನ್ನು ನಾನು ತೆಗೆದುಹಾಕುತ್ತೇನೆ.

ನಾಳೆಯ ಪ್ರಶ್ನೆಯನ್ನು ಹಾವೇರಿ ಮೇಷ್ಟ್ರ ಶಾಲೆಯ ಮಕ್ಕಳು ಕಳುಹಿಸಿದ್ದಾರೆ: "ಮೆಣಸಿನಕಾಯಿ ಬರುವ ಮುಂಚೆ ನಮ್ಮ ಹೊಲಗಳಲ್ಲಿ ಏನು ಬೆಳೆಯುತ್ತಿದ್ದರು?" ಇದರ ಸಿದ್ಧ ಉತ್ತರ ನನ್ನ ಬಳಿ ಇಲ್ಲ.

ಮೌನ ಓದುಗಿ

ನನ್ನ ಊಹೆ: ಬಿಳಿಜೋಳ ಮತ್ತು ನಾಟಿ ಹತ್ತಿ. ಕಾರಣ: ಎರಡೂ ಮೆಣಸಿನಕಾಯಿಗಿಂತ ಬಹಳ ಹಳೆಯವು, ಮತ್ತು ಕಪ್ಪು ಮಣ್ಣಿಗೆ ಒಗ್ಗುತ್ತವೆ. ಈಗ ಆ ಕಡೆ ಹೆಚ್ಚು ಕಾಣುವ ಗೋವಿನಜೋಳ ಮೇಷ್ಟ್ರ ಪಟ್ಟಿಯಲ್ಲೇ ಇರುವುದರಿಂದ ಅದನ್ನು ಬಿಟ್ಟಿದ್ದೇನೆ. ಆ ಹುಡುಗ ಕೇಳಿದ ಖಾರದ ಬಗ್ಗೆಯೂ ಯೋಚಿಸಿದೆ. ಕರಿಮೆಣಸು ಬೆಳೆಯುವ ಶಿರಸಿ ಹಾವೇರಿಗೆ ದೂರವಲ್ಲ. ಎತ್ತಿನ ಗಾಡಿಯ ಕಾಲದಲ್ಲಿ ಘಟ್ಟದ ಮೆಣಸು ಬಯಲುಸೀಮೆಗೆ ಇಳಿಯುತ್ತಿದ್ದ ದಾರಿ ಯಾವುದು, ಬದಲಿಗೆ ಮೇಲಕ್ಕೆ ಏನು ಹೋಗುತ್ತಿತ್ತು ಎಂದು ಆ ಕಡೆಯ ಹಿರಿಯರು ಯಾರಾದರೂ ತಿಳಿಸುವಿರಾ?